ತವರಿನ ಹಿಮ

ಶಹಾಬಾದ,
ಸೆಪ್ಟೆಂಬರ್ ಮೂವತ್ತೊಂದು, ಎರಡು ಸಾವಿರದ ಇನ್ನೂರ ಮೂವತ್ತೆಂಟನೆಯ ಇಸವಿ.

ನಮ್ಮ ಮನೆತನದ ಹಿರಿಯರಾದ ಇಂದುಮತಿ ಮುತ್ತವ್ವನವರಿಗೆ, ನಿಮ್ಮ ನಂತರದ ಏಳನೆಯ ತಲೆಮಾರಿನ ಮಹಾನಂದಾ ಬರೆಯುವುದೇನೆಂದರೆ, ತಾರೀಖು ನೋಡಿ ನನಗೆ ಅರಳುಮರಳು ಎಂದುಕೊಳ್ಳಬೇಡಿ. ನಿಮ್ಮ ಸೆಪ್ಟೆಂಬರಿಗೆ ಮೂವತ್ತೇ ದಿನ ಎಂಬುದು ನನಗೂ ಗೊತ್ತು. ಬೇಸಿಗೆ ಉದ್ದವಾಗುತ್ತಾ ಹೋದಂತೆ ನಮ್ಮವರು ಪಂಚಾಂಗವನ್ನೂ ಬಿಚ್ಚಿ ಮತ್ತೆ ಹೊಲಿದರು. ಫೆಬ್ರವರಿಯಿಂದ ಕಿತ್ತ ದಿನವೊಂದು ಇಲ್ಲಿ ಬಂದು ಕೂತಿದೆ. ನನ್ನ ಬರಹದಲ್ಲಿ ನಿಮಗೆ ಗೊತ್ತಿಲ್ಲದ ಶಬ್ದಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಒರಟು ಮಾತುಗಳೂ ಬರುತ್ತವೆ, ಅವನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಓಲೆಯ ಮೊದಲಿಗೆ ಕ್ಷೇಮ ಎಂದು ಬರೆಯುವುದು ನಿಮ್ಮ ಕಾಲದ ರೂಢಿಯಂತೆ. ನಾವು ಕ್ಷೇಮವಾಗಿಯೇ ಇದ್ದೇವೆ, ಅದರಲ್ಲಿ ನಿಮ್ಮ ಕೈವಾಡ ಏನೂ ಇಲ್ಲ. ನನಗೆ ನಿಮ್ಮ ಮೇಲೆ ಹೇಸಿಕೆ ಬಂದಿದೆ. ಹಿರಿಯರಿಗೆ ಹೀಗೆಲ್ಲ ಬರೆಯಬಾರದು ಎಂದು ನನ್ನ ತಾಯಿ ಕಲಿಸಿದ್ದಳು. ಬರೆಯದಿದ್ದರೆ ಅದು ಗಂಟಲಲ್ಲೇ ಉಳಿಯುತ್ತದೆ, ಆದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮನ್ನು ನಾನು ಚೆನ್ನಾಗಿ ಬಲ್ಲೆ. ನೀವು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು, ಕಾರಿನಲ್ಲಿ ಊರೂರು ದಾಟಿ, ಮೊಟ್ಟಮೊದಲ ಸಲ ಹಿಮ ನೋಡಲು ಹೋದಾಗ ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋ ನಮ್ಮಲ್ಲಿ ಇನ್ನೂ ಇದೆ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ, ಮದುವೆಯ ಹಿಂದಿನ ದಿನ, ಹೊಸ ಬೀಗರು ಮನೆಗೆ ಬಂದ ದಿನ ಅದನ್ನು ಗೋಡೆಯ ಮೇಲೆ ಓಡಿಸಿ ತೋರಿಸುವುದು ನಮ್ಮ ದೊಡ್ಡಸ್ತಿಕೆ. ಸೀರೆಯ ಮೇಲೆ ಬಾಡಿಗೆಯ ಕೆಂಪು ಕೋಟು, ಕಾಲಿಗೆ ರಬ್ಬರ್ ಬೂಟು ತೊಟ್ಟು ನೀವು ನಿಂತಿದ್ದೀರಿ. ಹಿಂದೆ ನಿಮ್ಮ ಕಾರು, ಒಳಗೆ ಬೆಚ್ಚಗಿರಲಿ ಎಂದು ಬಂದ್ ಮಾಡದೆ ಬಿಟ್ಟದ್ದು, ಭುಸಭುಸ ಹೊಗೆ ಉಗುಳುತ್ತಿದೆ. ನಿಮ್ಮ ಮೈದುನ ರೊಟ್ಟಿ ಚಟ್ನಿ ತಿಂದ ಕೈಯನ್ನು ಹಿಮಕ್ಕೆ ಒರೆಸಿ, ಬಾಯಿ ಮುಕ್ಕಳಿಸಿ ಅಲ್ಲೇ ಉಗುಳುತ್ತಾನೆ. ಮಕ್ಕಳು ಚಿಪ್ಸಿನ ಖಾಲಿ ಚೀಲಗಳನ್ನು ಗಾಳಿಗೆ ಬಿಡುತ್ತಾರೆ. ನೀವು ಒಂದು ಹಿಡಿ ಹಿಮ ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ, ಸಪ್ಪಗಿದೆ ಎಂದು ಬಿಸಾಡುತ್ತೀರಿ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ. ಚಿಕ್ಕವಳಿದ್ದಾಗ ನಾನೂ ಅದನ್ನು ನೋಡಿ ನಗುತ್ತಿದ್ದೆ.

ಈಗ ನಮ್ಮ ನೀರಿನ ಮಾತು. ನಾವು ಕುಡಿಯುವುದು ಮರುನೀರು. ಎಂದರೆ, ಒಮ್ಮೆ ಕುಡಿದು ಬಿಟ್ಟದ್ದು ಮರಳಿ ಬಂದ ನೀರು. ಬಚ್ಚಲದ್ದು, ಪಾಯಖಾನೆಯದ್ದು, ಬೆವರಿನ ಅರಿವೆ ಹಿಂಡಿದ್ದು, ಪಾತ್ರೆ ತೊಳೆದದ್ದು, ಎಲ್ಲವೂ ಊರಾಚೆಯ ನೀರುಮನೆಗೆ ಬಂದು, ಸೋಸಿ, ಕಾಸಿ, ಮತ್ತೆ ಸೋಸಿ, ತಣಿದು, ಮನೆಮನೆಯ ನಲ್ಲಿಗೆ ತಿರುಗಿ ಹೋಗುತ್ತದೆ. ಮಳೆ ಬಂದರೆ ಅದೂ ಇಲ್ಲಿಗೇ ಬರಬೇಕು. ಸೋಸದ ಮಳೆ ಮೈಗೆ ತಾಗಿದರೆ ತುರಿಕೆ ಏಳುತ್ತದೆ. ನೀವು ಮೂಗು ಮುಚ್ಚಿಕೊಂಡದ್ದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಮುಚ್ಚಿಕೊಳ್ಳಿ. ಶಹಾಬಾದದ ನೀರುಮನೆಯ ಹೊಣೆ ನನ್ನದು, ಊರಿಗೆಲ್ಲ ನಾನು ನೀರಕ್ಕ. ನನ್ನ ನೀರಿನಲ್ಲಿ ಒಂದು ಕೂದಲೆಳೆ ಸಿಕ್ಕರೆ ಅದೇ ದಿನ ಕೆಲಸ ಬಿಡುತ್ತೇನೆ ಎಂದು ಊರೆದುರು ಹೇಳಿದವಳು ನಾನು, ಇವತ್ತಿನವರೆಗೂ ಬಿಡುವ ಪ್ರಸಂಗ ಬಂದಿಲ್ಲ. ಊಟಕ್ಕೆ ಕೂತಾಗ ಈ ನೀರು ಯಾರದ್ದು ಎಂದು ಕೇಳುವುದು ನಮ್ಮಲ್ಲಿ ಭಾರಿ ಅಸಭ್ಯತೆ. ನಿಮ್ಮಲ್ಲಿ ಉಣ್ಣುವವರ ಮುಂದೆ ಹೇಲಿನ ಮಾತು ತೆಗೆದ ಹಾಗೆ. ಎಲ್ಲರದ್ದು ಎಲ್ಲರಿಗೆ ಎಂಬುದು ಮಕ್ಕಳಿಗೆ ನಾವು ಕಲಿಸುವ ಮೊದಲ ಪಾಠ.

ಇಂಥ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಸುಗಲಾ. ಕಳೆದ ವರ್ಷ ಅವಳು ಬಸುರಿಯಾದಳು, ಆದವಳಿಗೆ ಮರುನೀರು ಸೇರದಾಯಿತು. ಬಸುರಿಗೆ ವಾಕರಿಕೆ ಹೊಸದೇನಲ್ಲ, ಒಂದೆರಡು ತಿಂಗಳಿಗೆ ಸರಿಹೋಗುತ್ತದೆ ಎಂದುಕೊಂಡೆವು. ಮೂರು ತುಂಬಿತು, ನಾಲ್ಕು ತುಂಬಿತು, ಒಂದು ಗುಟುಕು ನೀರು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ತಂಬಿಗೆ ತುಟಿಗೆ ಬಂದರೆ ಸಾಕು, ಅದರಲ್ಲಿ ಊರಿನವರೆಲ್ಲರ ವಾಸನೆ ಬರುತ್ತದೆ ಎನ್ನುತ್ತಿದ್ದಳು. ಮೂಲಿಮನಿ ಮುದುಕನ ತಂಬಾಕು ನಾರುತ್ತದೆ, ಸಾಲಿ ಮಕ್ಕಳ ಉಚ್ಚಿ ನಾರುತ್ತದೆ, ಮೊನ್ನೆ ಸತ್ತವಳ ಮೈ ತೊಳೆದದ್ದು ನಾರುತ್ತದೆ. ನಾನು ನನ್ನ ಕೈಯಾರೆ ಮತ್ತೆ ಮತ್ತೆ ಸೋಸಿ ತಂದುಕೊಟ್ಟೆ. ಅದನ್ನೂ ನನ್ನ ಸೆರಗಿನ ಮೇಲೆಯೇ ಕಾರಿದಳು. ನೀರಕ್ಕನ ಮಗಳೇ ನೀರು ಕಾರುತ್ತಾಳಂತೆ, ಅದರಲ್ಲಿ ಏನಿದೆಯೋ ಶಿವನೇ ಬಲ್ಲ ಎಂದು ಊರು ಆಡಿಕೊಂಡಿತು. ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಆದರೆ ಅವಳ ಕೆನ್ನೆಯ ಮೂಳೆ ಎದ್ದು ಕಾಣತೊಡಗಿದಾಗ ಎರಡೂ ಹೋಗಿ ಹೆದರಿಕೆ ಒಂದೇ ಉಳಿಯಿತು. ಹೆರಿಗೆ ಡಾಕ್ಟರು ಕೈಗೆ ಸಲೈನ್ ಹಾಕಿ, ಇದರಿಂದ ಹೆಚ್ಚು ದಿನ ನಡೆಯುವುದಿಲ್ಲ, ಬಾಯಿಂದ ನೀರು ಇಳಿಯದಿದ್ದರೆ ಮಗುವಿನ ಆಸೆ ಬಿಟ್ಟು ತಾಯಿಯನ್ನು ಉಳಿಸಿಕೊಳ್ಳಬೇಕಾಗುತ್ತದೆ ಎಂದರು.

ಆಗ ಸುಗಲಾ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದವಳು, ನನಗೆ ಹಿಮ ಬೇಕು ಎಂದಳು. ಯಾರ ಹೊಟ್ಟೆಯೊಳಗೂ ಹೋಗಿ ಬಾರದ ನೀರು ಒಂದು ಹಿಡಿ ಸಿಕ್ಕರೆ ಸಾಕು, ಅದು ನಿಲ್ಲುತ್ತದೆ, ಆಮೇಲೆ ಉಳಿದದ್ದೂ ನಿಲ್ಲುತ್ತದೆ ಎಂದಳು. ನಾನು ಬೈದೆ. ಹಿಮ ಎಲ್ಲಿದೆ, ಯಾವ ಅಂಗಡಿಯಲ್ಲಿ ಮಾರುತ್ತಾರೆ ಎಂದು ರೇಗಿದೆ. ಆದರೆ ಆ ಮಾತು ಬೀಗತಿಯ ಕಿವಿಗೆ ಬಿತ್ತು. ಸುಗಲಾಳ ಅತ್ತೆ ಗುರುಬಾಯಿ ದೊಡ್ಡ ದನಿಯ, ದೊಡ್ಡ ಮೈಯ, ದೊಡ್ಡ ಮನಸ್ಸಿನ ಹೆಂಗಸು. ಮೂರರಲ್ಲಿ ಮೊದಲನೆಯದನ್ನು ತಡೆದುಕೊಳ್ಳುವುದು ಕಷ್ಟ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬ ನಿಮ್ಮ ಕಾಲದ ಮಾತನ್ನು ಆಕೆ ಇನ್ನೂ ಬಿಟ್ಟಿಲ್ಲ. ಬಯಕೆಯ ಬುತ್ತಿಯನ್ನು ತವರಿನವರೇ ತರಬೇಕು ಎಂಬುದನ್ನಂತೂ ಬಿಡುವುದೇ ಇಲ್ಲ. ಮಗ ಮಡಿವಾಳಪ್ಪನಿಗೆ ಬಂಡಿ ಸಿದ್ಧ ಮಾಡಲು ಹೇಳಿ, ನನ್ನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತು ಹೇಳಿದಳು:

"ಬಯಕಿ ಬುತ್ತಿ ತವರೀಲಿಂದೇ ಬರಬೇಕು, ಬೀಗತಿ. ಹೋಳಿಗಿ ಆದ್ರೂ ಅಷ್ಟೇ, ಹಿಮಾ ಆದ್ರೂ ಅಷ್ಟೇ. ನಿಮ್ಮ ಹಿರೇರು ತಿಂದ ಹಿಮಾನೇ ಆಕಿಗಿ ತಿನ್ನಸಾಮು."

ಇದು ನೀವು ತಿಳಿದಷ್ಟು ಹುಚ್ಚು ಮಾತಲ್ಲ. ಉತ್ತರದ ಒಂದು ಕಣಿವೆಯಲ್ಲಿ ಕೊನೆಬಿಳಿ ಎಂಬುದೊಂದಿದೆ. ಈ ಕಡೆಯ ನೆಲದಲ್ಲಿ ಕರಗದೆ ಉಳಿದ ಹಿಮ ಅದೊಂದೇ, ಅದಕ್ಕೆ ಆ ಹೆಸರು. ನೂರಾರು ವರ್ಷದ ಹಿಮ ಅಲ್ಲಿ ಪದರು ಪದರಾಗಿ ಕೂತಿದೆ ಎಂದು ಕೇಳಿದ್ದೆವು. ಯಾವ ಪದರು ಯಾವ ಕಾಲದಲ್ಲಿ ಬಿದ್ದದ್ದು ಎಂದು ಗುರುತು ಹಚ್ಚಿದ್ದಾರಂತೆ. ಕೇಳಿದ ಕಾಲದ್ದನ್ನು ಕಡಿದು ಕುಟುಂಬಕ್ಕೊಂದು ಬೊಗಸೆ ಕೊಡುತ್ತಾರಂತೆ. ಹಿರಿಯರ ಕಾಲದ ನೀರು, ಕಲಬೆರಕೆ ಇಲ್ಲದ್ದು, ಅಮೃತ ಎಂದು ಜನ ಅಲ್ಲಿಗೆ ನಿಮ್ಮವರು ಕಾಶಿಗೆ ಹೋಗುತ್ತಿದ್ದ ಹಾಗೆ ಹೋಗುತ್ತಾರೆ. ನನಗೆ ನಂಬಿಕೆ ಇರಲಿಲ್ಲ. ಮಗಳು ಬದುಕಬೇಕಾಗಿತ್ತು, ಹೊರಟೆ.

ನಮ್ಮದು ಮನೆಬಂಡಿ. ಬಿಸಿಲಿನಿಂದ ಓಡುವ, ಒಳಗೇ ಮಲಗಿ ಉಂಡು ಎಲ್ಲ ತೀರಿಸಿಕೊಳ್ಳುವ ಬಂಡಿ. ಅದರ ಹೊಟ್ಟೆಯ ಕೆಳಗೆ ಪುಟ್ಟ ಮರುನೀರಿನ ತೊಟ್ಟಿ ಇರುತ್ತದೆ. ಒಳಗಿದ್ದವರದ್ದು ಒಳಗಿದ್ದವರಿಗೇ ತಿರುಗಿ ಬರುತ್ತದೆ. ನಾವು ನಾಲ್ವರು. ಗುರುಬಾಯಿ ದಾರಿಯುದ್ದಕ್ಕೂ ಬಳ್ಳೊಳ್ಳಿ ಚಟ್ನಿಯ ಡಬ್ಬಿ ತೆಗೆಯುವುದು, ಸುಗಲಾ ಓಕರಿಸುವುದು, ಗುರುಬಾಯಿ ಅಯ್ಯೋ ಶಿವನೇ ಎಂದು ಮುಚ್ಚುವುದು, ಮೂರು ಹರದಾರಿ ಹೋಗುವಷ್ಟರಲ್ಲಿ ಮರೆತು ಮತ್ತೆ ತೆಗೆಯುವುದು. ಮಡಿವಾಳಪ್ಪ ಒಂದು ಕೈಯಲ್ಲಿ ಬಂಡಿ ನಡೆಸುತ್ತಾ ಇನ್ನೊಂದರಲ್ಲಿ ಹೆಂಡತಿಯ ಸಲೈನ್ ಚೀಲ ಎತ್ತಿ ಹಿಡಿದಿರುತ್ತಿದ್ದ. ಒಳ್ಳೆಯ ಹುಡುಗ, ಕಾಲುಚೀಲ ಬಿಚ್ಚದಿದ್ದರೆ ಇನ್ನೂ ಒಳ್ಳೆಯವನು. ಸೂರ್ಯ ನೆತ್ತಿಗೆ ಬಂದಾಗ ರಸ್ತೆಯ ಮೇಲೆ ಇರಬಾರದು, ಚಕ್ರ ಮೆತ್ತಗಾಗುತ್ತವೆ. ಆಗ ನೆರಳುಗೂಡುಗಳಿಗೆ ನುಗ್ಗಬೇಕು. ನೆರಳುಗೂಡು ಎಂದರೆ ನೆಲದೊಳಗೆ ತೋಡಿದ ಉದ್ದನೆಯ ಪಡಸಾಲೆ. ನೂರಾರು ಬಂಡಿಗಳ ಜನ ಅಲ್ಲಿ ಮೈಗೆ ಮೈ ತಾಗಿಸಿ ಮಲಗಿ ಸಂಜೆ ಕಾಯುತ್ತಾರೆ. ಬೆವರು, ಹಳಸಿದ ಅನ್ನ, ಕೂಸುಗಳ ಲಂಗೋಟಿ, ಇವುಗಳ ನಡುವೆ ಸುಗಲಾ ಮೂಗಿಗೆ ನಿಂಬೆಸಿಪ್ಪೆ ಒತ್ತಿಕೊಂಡು ಕಣ್ಣು ಮುಚ್ಚಿರುತ್ತಿದ್ದಳು. ಅರ್ಧದಷ್ಟು ಜನ ಕೊನೆಬಿಳಿಗೇ ಹೊರಟವರು. ಹಿಮ ಹೇಗಿರುತ್ತದೆ ಎಂದು ನೋಡದವರು ನೋಡದವರಿಗೆ ಬಣ್ಣಿಸುತ್ತಿದ್ದರು. ಹಾಲಿನ ಕೆನೆಯ ಹಾಗೆ ಎಂದು ಒಬ್ಬಳು, ಕಾದ ಉಪ್ಪಿನ ಹಾಗೆ ಚುರುಗುಟ್ಟುತ್ತದೆ ಎಂದು ಇನ್ನೊಬ್ಬ. ದೂರದ ಬೆಟ್ಟ ನುಣ್ಣಗೆ ಎಂದು ನಾನು ಗೊಣಗಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ವಾರ ಕಳೆದು ಎಳ್ಳಮಾವಾಸ್ಯೆಯ ದಿನ ಬೆಳಿಗ್ಗೆ ಕಣಿವೆಗೆ ಮುಟ್ಟಿದೆವು. ಗುರುಬಾಯಿಯ ಲೆಕ್ಕಾಚಾರವೇ ಅದು; ಆ ದಿನಕ್ಕೆ ಸರಿಯಾಗಿ ಮುಟ್ಟಬೇಕೆಂದು ಮಗನ ಬೆನ್ನು ಹತ್ತಿದ್ದಳು. ಕಣಿವೆಯ ಬಾಯಲ್ಲಿ ಮೊದಲು ಸಿಕ್ಕಿದ್ದು ಕೋಟಿನ ಅಂಗಡಿಗಳು. ಚಳಿ ಇರಲಿಲ್ಲ. ಆದರೂ ಕೋಟು ತೊಡದೆ ಒಳಗೆ ಬಿಡುವುದಿಲ್ಲ, ಹಿಮ ನೋಡುವುದೆಂದರೆ ಕೋಟು ತೊಡುವುದು ಎಂದು ನಿಮ್ಮ ಕಾಲದಿಂದಲೂ ಬಂದದ್ದಂತೆ. ಕೆಂಪು ಕೋಟು ನನ್ನ ಮೈಮೇಲೆ ಏರುವಾಗ ಅದರ ತೋಳು ಇನ್ನೂ ಹಸಿಯಾಗಿತ್ತು, ನನಗಿಂತ ಮುಂಚಿನವಳ ಬೆವರು. ಉಗುಳಬಾರದು ಎಂಬ ಫಲಕದ ಬುಡದಲ್ಲಿ ಉಗುಳಿ ಉಗುಳಿ ಹೊಂಡವೇ ಆಗಿತ್ತು. ಒಬ್ಬ ಗಂಡಸು ಮಗನನ್ನು ಭುಜದ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದ, ಆ ಹುಡುಗ ಮೇಲಿಂದಲೇ ತಂದೆಯ ಕೊರಳಿನ ಮೇಲೆ ಉಚ್ಚೆ ಹೊಯ್ದುಕೊಂಡ, ತಂದೆ ಒರೆಸಿಕೊಂಡು ಮುಂದೆ ನಡೆದ. ಮಡಿವಾಳಪ್ಪ ಸುಗಲಾಳನ್ನು ಗಾಲಿಕುರ್ಚಿಯಲ್ಲಿ ತಳ್ಳುತ್ತಿದ್ದ. ಅವಳ ಕಣ್ಣು ಮಾತ್ರ ಮುಂದೆ ನೆಟ್ಟಿತ್ತು, ಬಹಳ ದಿನದ ಮೇಲೆ ಆ ಮುಖದಲ್ಲಿ ಒಂದಿಷ್ಟು ಕಳೆ ಕಂಡೆ. ಅದನ್ನು ನೋಡಿ ನನ್ನ ಗೊಣಗಾಟ ನುಂಗಿಕೊಂಡೆ.

ಹಿಮಕ್ಕೆ ಮುಸುಕು ಹೊದಿಸಿರುತ್ತಾರೆ. ಬೆಳ್ಳಿ ಬಣ್ಣದ ದಪ್ಪ ಬಟ್ಟೆ. ಬಿಸಿಲು ಏರುವ ಮೊದಲು ಸ್ವಲ್ಪ ಹೊತ್ತು ಸರಿಸಿ ತೋರಿಸಿ ಮತ್ತೆ ಮುಚ್ಚುತ್ತಾರೆ. ಮುಸುಕು ಸರಿಯಿತು. ಜನ ಹೋ ಎಂದರು. ಬೆಳ್ಳಗಿತ್ತು, ನಿಜ. ಜನ ಮುಂದೆ ನುಗ್ಗಿ ಮುಟ್ಟಿದರು, ಕೆನ್ನೆಗೆ ಒತ್ತಿಕೊಂಡರು, ಅತ್ತರು. ಸುಗಲಾ ಮಾತ್ರ ಹತ್ತಿರ ಹೋದವಳೇ ಮೂಗು ಮುರಿದು, ಇದು ಮರುನೀರೇ ಎಂದಳು. ಹಳದಿ ಕೋಟಿನ ಕಾವಲುಗಾತಿ ಹೌದೆಂದು ಒಪ್ಪಿಕೊಂಡಳು, ಏನೂ ಮುಜುಗರವಿಲ್ಲದೆ. ಮೇಲಿನ ಪದರುಗಳೆಲ್ಲ ಕರಗಿದಂತೆ ಯಂತ್ರದಿಂದ ತುಂಬಿಸಿದ್ದು, ಜನಕ್ಕೆ ಬಿಳಿ ಕಾಣಬೇಕಲ್ಲ. ಆಕಾಶದಿಂದ ಬಿದ್ದದ್ದು ಬೇಕಾದರೆ ಹಿಂದುಗಡೆ ಇಳಿದು ಬನ್ನಿ, ಬುಡದಲ್ಲಿದೆ, ಅಲ್ಲಿಗೆ ಯಾರೂ ಬರುವುದಿಲ್ಲ ಎಂದಳು.

ಬುಡಕ್ಕೆ ಇಳಿಯುವ ಮುಂಚೆ ಗುರುಬಾಯಿ ತಡೆದಳು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲದೆ ನಾವು ತುತ್ತು ಎತ್ತುವುದಿಲ್ಲ, ಅದು ನಿಮಗೂ ಗೊತ್ತು. ಪೈರು ಹೊತ್ತ ಭೂಮಿ ಬಸುರಿ, ಅವಳ ಬಯಕೆ ಮೊದಲು ತೀರಬೇಕು ಎಂದು ಕಡುಬು, ಭಜ್ಜಿ, ಹೋಳಿಗೆ ಎಲ್ಲವನ್ನೂ ಸುತ್ತಲೂ ಎಸೆಯುವ ಪದ್ಧತಿ. ನಮ್ಮ ಹೊಲಗಳೆಲ್ಲ ಈಗ ಗಾಜಿನ ಒಳಗೆ ಇವೆ, ಅಲ್ಲಿ ತುತ್ತು ಎಸೆಯಲು ಬಿಡುವುದಿಲ್ಲ. ಹಾಗಾಗಿ ಆಕೆ ಇಡೀ ವಾರ ಜೋಪಾನ ಮಾಡಿದ ಬುತ್ತಿ ಬಿಚ್ಚಿ, ಒಬ್ಬ ಬಸುರಿ ಇನ್ನೊಬ್ಬ ಬಸುರಿಯ ಕೈಯಿಂದ ಉಣ್ಣಲು ಬಂದಿದ್ದಾಳೆ, ಮೊದಲು ಅವಳಿಗೆ ಉಣಿಸಬೇಕು ಎಂದು ಸಜ್ಜೆ ಕಡುಬು, ಎಣ್ಣೆ ಸುರಿಯುವ ಭಜ್ಜಿ ಪಲ್ಯ ಹಿಡಿ ಹಿಡಿಯಾಗಿ ಹಿಮದ ಮೇಲೆ ಎರಚಿದಳು. ನಾನು ಕೈ ಹಿಡಿದು ತಡೆದೆ. ತಡವಾಗಿತ್ತು, ಎಣ್ಣೆ ಇಳಿದು ಹಳದಿ ಗೆರೆ ಮೂಡಿತು. ಕಾವಲುಗಾತಿ ನಕ್ಕಳು. ದಿನವೂ ಇದೇ, ಒಬ್ಬರು ತುಪ್ಪ, ಒಬ್ಬರು ಕುಂಕುಮ, ಒಬ್ಬರು ತೀರಿಕೊಂಡವರ ಬೂದಿ, ಸಂಜೆ ಕೆರೆದು ತೆಗೆದು ಮೇಲೆ ಹೊಸ ಬಿಳಿ ಹಾಕುತ್ತೇವೆ ಎಂದಳು. ನನ್ನ ಬೀಗತಿ ಕೆಟ್ಟವಳಲ್ಲ, ಮುತ್ತವ್ವ. ಪ್ರೀತಿಯಿಂದಲೇ ಹೊಲಸು ಮಾಡಿದಳು. ನೀವೂ ಹಾಗೆಯೇ ಮಾಡಿರಬಹುದು ಎಂದು ಆ ಗಳಿಗೆಯಲ್ಲಿ ಅನ್ನಿಸಿತು, ಅನ್ನಿಸಿದ ಮೇಲೆ ಹೇಸಿಕೆ ಕಡಿಮೆಯಾಗುವುದಿರಲಿ, ಇನ್ನೂ ಹೆಚ್ಚಾಯಿತು.

ಬುಡದಲ್ಲಿ ಗೋಡೆಯ ಹಾಗೆ ಕಡಿದು ನಿಲ್ಲಿಸಿದ್ದಾರೆ. ಅಲ್ಲಿ ಒಂದು ಕಪ್ಪು ಪಟ್ಟೆ ಇತ್ತು. ನಾನು ಅದನ್ನು ಬಂಡೆ ಎಂದುಕೊಂಡೆ. ಮಡಿವಾಳಪ್ಪ ನಿಮ್ಮ ವಿಡಿಯೋದ ಇಸವಿ ಹೇಳಿದ, ಕಾವಲುಗಾತಿ ಆ ಪಟ್ಟೆಗೇ ಕೈ ತೋರಿಸಿದಳು. ಅದಕ್ಕೂ ಹಳೆಯದು, ಬಿಳಿಯದು ಕೊಡಿ, ಎಷ್ಟೇ ಹಳೆಯದಾದರೂ ಆದೀತು ಎಂದು ಅಂಗಲಾಚಿದೆ. ಇದರ ಕೆಳಗೆ ಬರೀ ಕಲ್ಲು, ಉಳಿದ ನಿಜವಾದ ಹಿಮ ಇದೊಂದೇ ಎಂದಳು. ಸುತ್ತಿಗೆ ಉಳಿಯಿಂದ ಕಡಿದು ಒಂದು ಬೊಗಸೆ ನನ್ನ ಕೈಗೆ ಹಾಕಿದಳು, ತವರಿನವಳು ನಾನೇ ಅಲ್ಲವೇ. ತಣ್ಣಗಿತ್ತು. ನನ್ನ ಬದುಕಿನಲ್ಲಿ ನಾನು ಮುಟ್ಟಿದ ಮೊದಲ ಹಿಮ, ಒದ್ದೆಯಾದ ಒಲೆಬೂದಿಯ ಹಾಗೆ ಕೈಗೆ ಮೆತ್ತಿಕೊಂಡಿತು. ಅದರೊಳಗೆ ದಾರದ ಎಳೆಗಳ ಹಾಗೆ ಸಣ್ಣ ಸಣ್ಣ ಪ್ಲಾಸ್ಟಿಕ್, ನೀಲಿ, ಕೆಂಪು. ನೀರಿನ ಕೆಲಸದಲ್ಲಿ ಕೂದಲು ಬೆಳ್ಳಗಾಗಿಸಿಕೊಂಡ ನನಗೆ ಅದನ್ನು ಮೂಸಿದ ಕೂಡಲೇ ಗೊತ್ತಾಯಿತು. ಡೀಸೆಲ್ಲು, ಸುಟ್ಟ ರಬ್ಬರು, ಕಲ್ಲಿದ್ದಲ ಮಸಿ. ನಮ್ಮೂರ ಚರಂಡಿ ಇದಕ್ಕಿಂತ ಮೇಲು. ಆಕಾಶದಿಂದ ಬಿದ್ದದ್ದು ಇದು! ಯಾರ ಹೊಟ್ಟೆಗೂ ಹೋಗದ ನೀರು ಎಂದು ನನ್ನ ಮಗಳು ಹಂಬಲಿಸಿದ್ದು ಇದಕ್ಕೆ. ಇದು ನಿಮ್ಮ ಹೊಟ್ಟೆಯಲ್ಲಿ ಹೋಗಿ ಬಂದದ್ದಲ್ಲ, ನಿಜ. ನಿಮ್ಮ ಕಾರುಗಳ, ನಿಮ್ಮ ಚಿಮಣಿಗಳ, ನಿಮ್ಮ ಬುತ್ತಿಯ ಚೀಲಗಳ ಹೊಟ್ಟೆಯಿಂದ ಬಂದದ್ದು, ಯಾರೂ ಒಂದು ಸಲ ಕೂಡ ಸೋಸದೆ ಹಾಗೇ ಬಿಟ್ಟದ್ದು. ನಿಮ್ಮನ್ನು ಹಾಡಿ ಹೊಗಳಿಕೊಂಡು ಬಂದ ನನ್ನ ಬಾಯಿಗೆ ನಾನೇ ಬಡಿದುಕೊಳ್ಳಬೇಕು ಅನ್ನಿಸಿತು.

ಗುರುಬಾಯಿ ಬಿಡಲಿಲ್ಲ. ಬಯಕೆ ಬಯಕೆಯೇ, ನಾಲಿಗೆಯ ತುದಿಗಾದರೂ ಮುಟ್ಟಿಸಬೇಕು, ಇಷ್ಟು ದೂರ ಬಂದು ಬರಿಬಾಯಲ್ಲಿ ಹೋದರೆ ಕೂಸಿಗೆ ಕೇಡು ಎಂದು ಅಳುವುದಕ್ಕೇ ಬಂದಳು. ಅವಳ ಹೆದರಿಕೆಯೂ ಕಳ್ಳ ಹೆದರಿಕೆಯಲ್ಲ, ಮೊಮ್ಮಗುವಿನದು. ಬೇಕಾದರೆ ಬಂಡಿಗೆ ಒಯ್ದು ಸೋಸಿ ಕೊಡುತ್ತೇನೆ ಎಂದೆ ನಾನು. ಸೋಸಿದರೆ ಅದೂ ಮರುನೀರೇ ಅಲ್ಲವೇ ಎಂದು ಸುಗಲಾ ಮೆಲ್ಲಗೆ ಕೇಳಿದಳು. ಅವಳು ಕೈ ಚಾಚಿದಳು, ನಾನು ಅದನ್ನು ಅವಳ ಬೊಗಸೆಗೆ ಹಾಕಿದೆ. ಅವಳು ತುಟಿಯ ಹತ್ತಿರ ತಂದು ಹಿಡಿದುಕೊಂಡೇ ಕೂತಳು. ಬೆರಳ ಸಂದಿಯಿಂದ ಕಪ್ಪು ನೀರು ಇಳಿದು ಸೀರೆಯ ಮೇಲೆ, ಹೊಟ್ಟೆಯ ಮೇಲೆ ಹರಿಯಿತು, ಅದರ ಮೇಲೆ ಎಣ್ಣೆಯ ಬಣ್ಣ ಬಣ್ಣದ ತೆಳ್ಳನೆ ಪೊರೆ. ಮಡಿವಾಳಪ್ಪ ಓಡಿ ಬಂದು ಖಾಲಿ ಬಾಟಲಿ ಹಿಡಿದ. ಉಳಿದದ್ದು ಅದರಲ್ಲಿ ಬಿತ್ತು. ಸುಗಲಾ ಬಾಟಲಿಯನ್ನು ಬೆಳಕಿಗೆ ಎತ್ತಿ ಬಹಳ ಹೊತ್ತು ನೋಡಿದಳು. ಇನ್ನೇನು ಕಾರುತ್ತಾಳೆ ಎಂದು ನಾನು ಸೆರಗು ಒಡ್ಡಿದೆ. ಅವಳು ಕಾರಲಿಲ್ಲ. ಬಾಟಲಿಗೆ ಬಿರಡೆ ಹಾಕಿ ಗಂಡನ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ ಹೇಳಿದಳು:

"ಯವ್ವಾ, ನಮ್ಮ ಬಂಡ್ಯಾಗಿನ ನೀರ ತಾ. ಅದು ಯಾರ್ದಂತ ಗೊತ್ತರ ಅದ."

ನನ್ನ ಮಗಳು ಹುಟ್ಟಿದಾಗಿನಿಂದ ಆಡಬಾರದೆಂದು ಕಲಿಸಿದ್ದ ಮಾತು ಅದು. ನಾನು ಬೈಯಲಿಲ್ಲ. ಗುಡ್ಡ ಹತ್ತಿ ಬಂಡಿಗೆ ಓಡಿದೆ, ಈ ವಯಸ್ಸಿನಲ್ಲಿ, ಆ ಹೊಲಸು ಕೋಟಿನಲ್ಲಿ. ತಂಬಿಗೆ ತುಂಬಿ ತಂದೆ. ಗುರುಬಾಯಿಯ ಬಳ್ಳೊಳ್ಳಿ, ಮಡಿವಾಳಪ್ಪನ ಬೆವರು, ನನ್ನ ಮುಪ್ಪು, ಅವಳದೇ ಕಣ್ಣೀರು, ನಾಲ್ವರದ್ದೂ ಅದರಲ್ಲಿ ಇತ್ತು. ಅವಳು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ನಾವು ಮೂವರೂ ಅವಳ ಗಂಟಲನ್ನೇ ನೋಡುತ್ತಿದ್ದೆವು. ನಿಂತಿತು. ಇನ್ನೊಂದು ಗುಟುಕು ಕುಡಿದಳು, ಅದೂ ನಿಂತಿತು. ಇಡೀ ತಂಬಿಗೆ ಬರಿದು ಮಾಡಿ ಕೈಯ ಹಿಂಬದಿಯಿಂದ ಬಾಯಿ ಒರೆಸಿಕೊಂಡಳು. ಗುರುಬಾಯಿ ನೆಲದ ಮೇಲೆ ಕೂತು ಅತ್ತಳು. ನಾನು ಆಚೆ ಹೋಗಿ ಅತ್ತೆ, ಬೀಗತಿಯ ಮುಂದೆ ಅಳುವುದು ನನಗೆ ಸೇರುವುದಿಲ್ಲ.

ತಿರುಗಿ ಬರುವ ದಾರಿಯಲ್ಲಿ ಸುಗಲಾ ಕುಡಿದಳು, ಉಂಡಳು, ಚಟ್ನಿಯ ಡಬ್ಬಿಯನ್ನೂ ಸಹಿಸಿಕೊಂಡಳು. ಊರಿಗೆ ಬಂದ ಮೇಲೆ ಊರಿನವರೆಲ್ಲರ ನೀರೂ ಇಳಿಯಿತು. ಬೇಸಿಗೆಯಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು. ಹಿಮಾ ಎಂದು ಹೆಸರಿಡಬೇಕು ಎಂದು ಗುರುಬಾಯಿಯ ಆಸೆ. ಸುಗಲಾ ಒಪ್ಪದೆ ಸನ್ನತಿಯ ದೇವಿಯ ಹೆಸರು ಹಿಡಿದು ಚಂದ್ರಲಾ ಎಂದಿಟ್ಟಳು. ದಿನಾ ಬೆಳಿಗ್ಗೆ ಬೀಗತಿ ಕೂಸಿನ ಕಿವಿಗೆ ಹತ್ತಿ ಇಟ್ಟು ನೋಡುತ್ತಾಳೆ. ಕಿವಿ ಒಣಗಿಯೇ ಇದೆ. ನೋಡಿದ್ದಕ್ಕೇ ಬಯಕೆ ತೀರಿತು, ತಿನ್ನಬೇಕೆಂದೇನಿಲ್ಲ ಎಂದು ಈಗ ಆಕೆಯೇ ಊರಿಗೆ ಹೇಳುತ್ತಾ ತಿರುಗುತ್ತಾಳೆ. ನಿಮ್ಮ ವಿಡಿಯೋವನ್ನು ತೊಟ್ಟಿಲ ದಿನ ಓಡಿಸಲಿಲ್ಲ, ಯಾರೂ ಕೇಳಲೂ ಇಲ್ಲ.

ಇವತ್ತು ಹಿರಿಯರ ಅಮಾವಾಸ್ಯೆ. ಬೆಳಿಗ್ಗೆಯಿಂದ ಅಡಿಗೆ ನಡೆದಿದೆ. ತೀರಿಕೊಂಡವರ ಹೆಸರು ಹಿಡಿದು ಒಬ್ಬೊಬ್ಬರಿಗೆ ಒಂದೊಂದು ಎಡೆ ಇಟ್ಟೆವು, ಪ್ರತಿ ಎಡೆಯ ಬಲಕ್ಕೆ ಒಂದು ಲೋಟ ಮರುನೀರು. ನಿಮ್ಮ ಎಡೆಯ ಹತ್ತಿರ ಬಂದಾಗ ಸುಗಲಾ ನನ್ನ ಕೈಯಿಂದ ಲೋಟ ತೆಗೆದುಕೊಂಡು, ಒಳಗೆ ಹೋಗಿ ಆ ಬಾಟಲಿ ತಂದಳು. ಇಷ್ಟು ದಿನ ಅದನ್ನು ಎಲ್ಲಿ ಇಟ್ಟಿದ್ದಳೋ ನನಗೆ ತಿಳಿಯದು. ತಳದಲ್ಲಿ ಮಸಿ ಕೂತಿತ್ತು. ಕುಲುಕಿ, ಲೋಟದ ಅಂಚಿನವರೆಗೂ ಸುರಿದಳು. ಹಿರಿಯರಿಗೆ ಎಂಜಲು ಇಡಬಾರದು, ಪಾಪ ಸುತ್ತಿಕೊಳ್ಳುತ್ತದೆ ಎಂದು ಗುರುಬಾಯಿ ಹೆದರಿ ಕೈ ಹಿಡಿದಳು. ಸುಗಲಾ ಕೈ ಬಿಡಿಸಿಕೊಂಡಳು.

"ಎಂಜಲ ಅಲ್ಲರೀ ಅತ್ತಿ. ಅವರದೇ ಅವರಿಗಿ."

ನಾನು ಬೇಡ ಎನ್ನಲಿಲ್ಲ. ಈ ಓಲೆಯನ್ನು ಮಡಿಚಿ ನಿಮ್ಮ ಎಲೆಯ ಎಡಕ್ಕೆ ಇಡುತ್ತೇನೆ, ಉಪ್ಪಿನಕಾಯಿಯ ಪಕ್ಕದಲ್ಲಿ. ಹೋಳಿಗೆ ಇದೆ, ತುಪ್ಪ ಇದೆ, ಪುಂಡಿ ಪಲ್ಯ ಇದೆ; ಊಟದಲ್ಲಿ ಏನೂ ಕಡಿಮೆ ಮಾಡಿಲ್ಲ. ಎಡೆ ಇಟ್ಟ ಮೇಲೆ ಹಿರಿಯರು ಸಂಕೋಚವಿಲ್ಲದೆ ಉಣ್ಣಲಿ ಎಂದು ಬಾಗಿಲು ಮುಚ್ಚಿಕೊಂಡು ಮನೆಯವರು ಹೊರಗೆ ಕೂರುವುದು ನಿಮ್ಮ ಕಾಲದಿಂದ ಬಂದ ಪದ್ಧತಿ. ನಾವೆಲ್ಲ ಕಟ್ಟೆಯ ಮೇಲೆ ಇರುತ್ತೇವೆ, ಕೂಸೂ ನಮ್ಮ ಜೊತೆ ಇರುತ್ತದೆ. ಒಳಗೆ ಯಾರೂ ಇಣುಕುವುದಿಲ್ಲ. ಕುಡಿಯಿರಿ.